ಟಿವಿಯಲ್ಲಿ ಚರಿತ್ರೆ ಹೇಳಲು ಹೊರಟವಳಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಪತ್ರ ಓದಿದೆ. ಚರಿತ್ರೆಯ ಕಾರ್ಯಕ್ರಮ ನಡೆಸಿಕೊಡಬೇಕು, ಜೊತೆಗೆ ಎಲ್ಲರೂ ಓದುವಂಥ ಪುಸ್ತಕಗಳನ್ನೂ ಬರೆಯಬೇಕು ಅಂದಿದ್ದೀಯ. ನಿಮ್ಮಪ್ಪನಿಗೆ ದಿಗಿಲು. ನನಗಂತೂ ಖುಷಿ. ಸಾಕ್ಷ್ಯಚಿತ್ರಗಳ ಎಡಿಟಿಂಗ್ ಕೋಣೆಯಲ್ಲೇ ಆಯಸ್ಸು ಕಳೆದವಳು ನಾನು. ಕ್ಯಾಮೆರಾ ಮುಂದೆ ಆಡಿದ ಮಾತಿಗೆ ಆಮೇಲೆ ಏನಾಗುತ್ತದೆ ಅನ್ನೋದನ್ನು ಹತ್ತಿರದಿಂದ ನೋಡಿದ್ದೇನೆ. ಅದನ್ನೇ ನಿನಗೆ ಹೇಳಬೇಕು.

ಮಾರ್ಟಿಮರ್ ವೀಲರ್ ಬಗ್ಗೆ ಓದಿರುತ್ತೀಯ. 1944ರಿಂದ 1948ರವರೆಗೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿಸಿದವರೂ ಅವರೇ. ಇಂಗ್ಲೆಂಡಿಗೆ ಮರಳಿದ ಮೇಲೆ ಬಿಬಿಸಿಯ ಒಂದು ಕಾರ್ಯಕ್ರಮದಲ್ಲಿ ಕಾಣಿಸಿಕೊಳ್ಳತೊಡಗಿದರು. ಯಾವುದೋ ಮ್ಯೂಸಿಯಂನಿಂದ ತಂದ ವಸ್ತುವನ್ನು ಪಂಡಿತರ ಕೈಗೆ ಕೊಡುತ್ತಿದ್ದರು. ಅದೇನು, ಎಲ್ಲಿಯದು, ಎಷ್ಟು ಹಳೆಯದು ಅಂತ ಅವರು ಗುರುತಿಸಬೇಕು. ಅಷ್ಟೇ ಆಟ. ಜನಕ್ಕೆ ಅದು ಎಷ್ಟು ಹಿಡಿಸಿತೆಂದರೆ 1954ರಲ್ಲಿ ವೀಲರ್ ಬ್ರಿಟನ್ನಿನ ಆ ವರ್ಷದ ಟಿವಿ ವ್ಯಕ್ತಿಯಾಗಿ ಆಯ್ಕೆಯಾದರು. ಒಬ್ಬ ತಿಳಿದ ಮನುಷ್ಯ ಹಳೆಯ ವಸ್ತುವೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, ತನಗೆ ಹೊಳೆದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋದರೆ ಸಾಕು, ಜನ ಕೂತು ನೋಡುತ್ತಾರೆ. ಅಬ್ಬರದ ಸಂಗೀತ ಬೇಡ, ಕುದುರೆ ಓಡಿಸೋದೂ ಬೇಡ. ಇದನ್ನು ನಂಬು.

ಆದರೆ ಅದೇ ವೀಲರ್ ಮೊಹೆಂಜೊದಾರೊ ಬಗ್ಗೆ ಬರೆದದ್ದು ನೋಡು. ಅವರಿಗಿಂತ ಮೊದಲೇ ಅಲ್ಲಿ 30ಕ್ಕೂ ಜಾಸ್ತಿ ಅಸ್ಥಿಪಂಜರಗಳು ಸಿಕ್ಕಿದ್ದವು. ಆರ್ಯರು ದಾಳಿ ಮಾಡಿ ಕೊಂದರು, ಇಂದ್ರನೇ ಆರೋಪಿ ಎಂಬರ್ಥದಲ್ಲಿ ಬರೆದುಬಿಟ್ಟರು. ಎಂಥಾ ಮಾತು! ಒಂದು ಸಲ ಕೇಳಿದರೆ ಮರೆಯೋಕಾಗಲ್ಲ. 1964ರಲ್ಲಿ ಜಾರ್ಜ್ ಡೇಲ್ಸ್ ಎಂಬ ಪುರಾತತ್ವಜ್ಞ ಆ ಅಸ್ಥಿಪಂಜರಗಳು ಎಲ್ಲಿ, ಯಾವ ಪದರದಲ್ಲಿ ಸಿಕ್ಕವು ಅಂತ ತಾಳ್ಮೆಯಿಂದ ಪರಿಶೀಲಿಸಿದರು. ಎಲ್ಲವೂ ಒಂದೇ ಕಾಲದವಲ್ಲ. ಕಾದಾಟ ಜೋರಾಗಿ ನಡೆದಿರಬೇಕಾದ ಕೋಟೆಯ ಭಾಗದಲ್ಲಿ ಒಂದೂ ಸಿಕ್ಕಿರಲಿಲ್ಲ. ಆಮೇಲೆ ಮೂಳೆಗಳನ್ನೇ ಪರೀಕ್ಷಿಸಿದ ಕೆನೆತ್ ಕೆನಡಿಯವರೂ ಹತ್ಯಾಕಾಂಡವನ್ನು ಒಪ್ಪಲಿಲ್ಲ. ಏನು ಪ್ರಯೋಜನ? ವೀಲರ್ ಮಾತು ಇವತ್ತಿಗೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಡೇಲ್ಸ್ ಹೆಸರು ಆ ವಿಷಯ ಓದಿದವರಿಗೆ ಮಾತ್ರ ಗೊತ್ತು.

ನಿನಗೆ ಮಾತಿನ ಕಲೆ ಇದೆ ಪುಟ್ಟಿ. ಅದಕ್ಕೇ ನನಗೆ ನಿನ್ನ ಬಗ್ಗೆ ಈ ಒಂದು ಕಾಳಜಿ. ಮಾತು ಬಾರದವರ ತಪ್ಪು ಅಲ್ಲೇ ಸಾಯುತ್ತದೆ. ನಿನ್ನಂಥವರ ತಪ್ಪಿಗೆ ಆಯಸ್ಸು ಜಾಸ್ತಿ.

ಇದಕ್ಕೆ ಎಡಿಟಿಂಗ್ ಕೋಣೆಯಿಂದ ಒಂದು ಉಪಾಯ ಹೇಳುತ್ತೇನೆ. ನೀನು ಒಂದು ಕೋಟೆ ಮುಂದೆ ನಿಂತು ಹೀಗೆ ಹೇಳಿದೆ ಅಂದುಕೋ: 'ಈ ಕೋಟೆಯನ್ನು ರಾಜನೇ ಕಟ್ಟಿಸಿದ. ಆದರೆ ಹಾಗೆ ಹೇಳುವ ಶಾಸನ ಇನ್ನೂರು ವರ್ಷ ಆಮೇಲಿನದು.' ಕಾರ್ಯಕ್ರಮ ಹತ್ತು ನಿಮಿಷ ಉದ್ದವಾಗಿದೆ, ರಾತ್ರಿಯಾಗಿದೆ, ನಾಳೆ ಪ್ರಸಾರ. ಎಡಿಟರ್ ಏನು ಮಾಡುತ್ತಾರೆ? ಎರಡನೇ ವಾಕ್ಯ ತೆಗೆದು, ಮೇಲೊಂದು ಗೋಪುರದ ಶಾಟ್ ಹಾಕುತ್ತಾರೆ. ಯಾರಿಗೂ ಗೊತ್ತಾಗಲ್ಲ. ಅದರ ಬದಲು ಹೀಗೆ ಹೇಳು: 'ಇನ್ನೂರು ವರ್ಷ ಆಮೇಲೆ ಕೆತ್ತಿಸಿದ ಒಂದು ಶಾಸನ ಈ ಕೋಟೆಯನ್ನು ರಾಜನೇ ಕಟ್ಟಿಸಿದ ಅನ್ನುತ್ತದೆ.' ಇದರಲ್ಲಿ ಕತ್ತರಿ ಎಲ್ಲಿ ಹಾಕುತ್ತಾರೆ? ಅನುಮಾನವನ್ನು ವಾಕ್ಯದ ಹಿಂದೆ ಬಾಲದ ಹಾಗೆ ಕಟ್ಟಬೇಡ, ಒಳಗೇ ಹೆಣೆದುಬಿಡು. ಸ್ಕ್ರಿಪ್ಟ್ ಬರೆಯುವಾಗಲೇ ಈ ಕೆಲಸ ಆಗಬೇಕು. ಆಮೇಲೆ ಡೈರೆಕ್ಟರ್ ಜೊತೆ ಜಗಳ ಆಡಿ ಸುಮ್ನೆ ಮನಸ್ಸು ಕೆಡಿಸಿಕೊಳ್ಳೋದಷ್ಟೇ.

ಕ್ಯಾಮೆರಾದಲ್ಲಿ ಆಡಿದ್ದನ್ನೇ ಕಾಗದಕ್ಕಿಳಿಸಿದರೆ ಪುಸ್ತಕ ಆಗಲ್ಲ. ಟಿವಿಯಲ್ಲಿ ಪಾಳುಬಿದ್ದ ಗೋಡೆಯೇ ಅರ್ಧ ಕತೆ ಹೇಳುತ್ತದೆ. ಪುಟದಲ್ಲಿ ಗೋಡೆ ಇರಲ್ಲ, ನಿನ್ನ ಆಧಾರಗಳು ಇರುತ್ತವೆ. ಹಾಗಾಗಿ ಮೊದಲ ದಿನದಿಂದಲೇ ನಿನ್ನದೇ ಟಿಪ್ಪಣಿ ಪುಸ್ತಕ ಇಟ್ಟುಕೋ. ರಿಸರ್ಚ್ ಮಾಡುವ ಹುಡುಗರು ಕೊಟ್ಟ ಚೀಟಿಯನ್ನೇ ನೆಚ್ಚಬೇಡ, ಮೂಲವನ್ನು ನೀನೇ ತೆರೆದು ನೋಡು. ಅವರ ಹೆಸರನ್ನು ಪುಸ್ತಕದಲ್ಲಿ ಮರೆಯದೆ ಹಾಕು.

ಇನ್ನು ರೂಪದ ಮಾತು. ಮೇರಿ ಬಿಯರ್ಡ್ ಕೇಂಬ್ರಿಜ್‌ನಲ್ಲಿ ದಶಕಗಳ ಕಾಲ ಪಾಠ ಮಾಡಿದವರು. 2012ರಲ್ಲಿ ರೋಮನ್ನರ ಬಗ್ಗೆ ಬಿಬಿಸಿ ಸರಣಿ ಮಾಡಿದಾಗ ಪತ್ರಿಕೆಯ ವಿಮರ್ಶಕರೊಬ್ಬರು ಪಾಠ ಬಿಟ್ಟು ಅವರ ಮುಖ, ಕೂದಲಿನ ಬಗ್ಗೆ ಬರೆದರು. ಬಿಯರ್ಡ್ ಇನ್ನೊಂದು ಪತ್ರಿಕೆಯಲ್ಲಿ ನೇರವಾಗಿ ಉತ್ತರ ಕೊಟ್ಟರು. ಬೆಳ್ಳಿಗೂದಲನ್ನು ಹಾಗೇ ಬಿಟ್ಟರು, ಮುಂದಿನ ಕಾರ್ಯಕ್ರಮಗಳನ್ನೂ ಮಾಡಿದರು. 2015ರಲ್ಲಿ ಬಂದ ಅವರ ರೋಮ್ ಚರಿತ್ರೆಯ ದಪ್ಪ ಪುಸ್ತಕವನ್ನು ಜನ ಕೊಂಡು ಓದಿದರು. ನಿನಗೂ ಆ ವಿಮರ್ಶಕರಂಥವರು ಸಿಗುತ್ತಾರೆ. ಬೆನ್ನಿಗೆ ಓದು ಇದ್ದರೆ ತಡೆದುಕೊಳ್ಳಬಹುದು. ಅದಕ್ಕೇ ಡಾಕ್ಟರೇಟ್ ಅರ್ಧಕ್ಕೆ ಬಿಡಬೇಡ ಅನ್ನೋದು. ಇದರಲ್ಲಿ ನಾನು ಪೂರ್ತಿ ನಿಮ್ಮಪ್ಪನ ಕಡೆ.

ದುಡ್ಡಿನ ವಿಚಾರವನ್ನೂ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ತಿಂಗಳ ಸಂಬಳ ಅಪರೂಪ. ಒಂದು ಸರಣಿ ಮುಗಿದು ಇನ್ನೊಂದು ಶುರುವಾಗುವ ತನಕ ಕೈ ಖಾಲಿ. ಪ್ರಕಾಶಕರು ಕೊಡುವ ಮುಂಗಡ ನಿನ್ನ ರಾಯಲ್ಟಿಯ ಲೆಕ್ಕದಲ್ಲೇ ಕೊಡೋದು. ಅದು ವಜಾ ಆಗುವವರೆಗೆ ಮತ್ತೆ ದುಡ್ಡು ಬರಲ್ಲ. ಪುಸ್ತಕದ ಚಿತ್ರಗಳಿಗೆ ಅನುಮತಿ ಪಡೆಯುವ ಖರ್ಚೂ ಎಷ್ಟೋ ಸಲ ಲೇಖಕರ ತಲೆಗೇ ಬರುತ್ತದೆ. ಪಾಠ ಹೇಳುವ ಕೆಲಸ ಕೈಯಲ್ಲಿರಲಿ.

ಚಾನೆಲ್‌ನವರು ಕಳಿಸುವ ಕರಾರು ಪತ್ರಕ್ಕೆ ಅವಸರದಲ್ಲಿ ಸಹಿ ಹಾಕಬೇಡ. ಸರಣಿಯ ಮೇಲೆ ಬರೆಯುವ ಪುಸ್ತಕದ ಹಕ್ಕು ಯಾರದ್ದು, ನಿನ್ನ ಮಾತನ್ನು ಬದಲಿಸುವ ಮುಂಚೆ ನಿನಗೆ ತೋರಿಸುತ್ತಾರಾ, ಈ ಎರಡು ವಿಷಯ ಅದರಲ್ಲಿ ಬರವಣಿಗೆಯಲ್ಲೇ ಇರಬೇಕು. ವಕೀಲರೊಬ್ಬರಿಗೆ ತೋರಿಸು. ನನಗೂ ಒಂದು ಪ್ರತಿ ಕಳಿಸು, ಮೊದಲ ಕಂತಿನ ಸ್ಕ್ರಿಪ್ಟ್ ಜೊತೆಗೇ ಕಳಿಸು. ಎಲ್ಲೆಲ್ಲಿ ಕತ್ತರಿ ಬೀಳುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ