ಕಳೆನಾಶಕ ಕೊಡುವಾಗಲೂ ಮಣ್ಣಿನ ಕಾರ್ಡ್ ನೋಡಲಿ

ಮಾನ್ಯ ಸಂಪಾದಕರೇ,

ಮುಂಗಾರಿಗೆ ಗೋವಿನಜೋಳ, ಹಿಂಗಾರಿಗೆ ಕಡಲೆ ಹಾಕುವ ನಮ್ಮ ಹಾವೇರಿ ಸೀಮೆಯಲ್ಲಿ ಅಟ್ರಜಿನ್ ಎಂಬ ಕಳೆನಾಶಕದ ಪುಡಿ ಕಾಣದ ಹೊಲ ಅಪರೂಪ. ಆಳು ಸಿಗದ ಈ ಕಾಲದಲ್ಲಿ ಅದನ್ನು ಕೈಬಿಡಿ ಎಂದು ನಾನು ಹೇಳುವುದಿಲ್ಲ. ಎರೆಗೂ (ಕಪ್ಪು ಮಣ್ಣು) ಮಸಾರಿಗೂ (ಕೆಂಪು ಮಣ್ಣು) ಒಂದೇ ಪುಡಿಯನ್ನು ಒಂದೇ ಅಳತೆಯಲ್ಲಿ ಕೊಡುತ್ತಿರುವುದಷ್ಟೇ ನನ್ನ ತಕರಾರು.

ಕಳೆದ ವರ್ಷ ನಮ್ಮ ಎರೆ ಹೊಲದ ಕಡಲೆ ಚೆನ್ನಾಗಿಯೇ ಹುಟ್ಟಿ, ಎರಡು ವಾರ ಕಳೆಯುವಷ್ಟರಲ್ಲಿ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ಒಣಗತೊಡಗಿದವು. ಅಂಗಡಿಯವರು ಸೊರಗು ರೋಗವೆಂದು ಔಷಧಿ ಕಟ್ಟಿಕೊಟ್ಟರು. ಗಿಡ ಕಿತ್ತು ಬೇರು ಸೀಳಿದರೆ ಒಳಗೆ ಆ ರೋಗದ ಗುರುತಾದ ಕಪ್ಪು ಗೆರೆಯೇ ಇರಲಿಲ್ಲ. ಮೇಲಾಗಿ ಹಾನಿ ಹೆಚ್ಚಾಗಿದ್ದುದು ಸಿಂಪಡಣೆಯವನು ತಿರುಗಿಕೊಳ್ಳುವ, ಎರಡೆರಡು ಸಲ ಪುಡಿ ಬೀಳುವ ಬದುವಿನ ಪಕ್ಕದ ಸಾಲುಗಳಲ್ಲಿ. ಅದೇ ಪುಡಿ ಬಿದ್ದ ಮಸಾರಿ ತುಂಡಿನಲ್ಲಿ ಕಡಲೆಗೆ ಏನೂ ಆಗಿರಲಿಲ್ಲ.

ಅಟ್ರಜಿನ್ ಮಣ್ಣಿನಲ್ಲಿ ಅರ್ಧಕ್ಕಿಳಿಯಲು ಸುಮಾರು 60 ದಿನ ಎನ್ನುವುದು ಸರಾಸರಿ ಲೆಕ್ಕ. ಆ ಲೆಕ್ಕದಲ್ಲಿಯೂ ಜೂನ್‌ನಲ್ಲಿ ಹಾಕಿದ್ದರ ಕಾಲುಭಾಗ ಅಕ್ಟೋಬರ್‌ಗೆ ಉಳಿದಿರುತ್ತದೆ. ಹುಳಿ ಮಣ್ಣಿನಲ್ಲಿ ಅದು ಬೇಗ ಒಡೆಯುತ್ತದೆ, ಆದರೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 7.5 ದಾಟಿದ ಸುಣ್ಣದಂಶದ ಎರೆಯಲ್ಲಿ ಆ ಒಡೆತ ನಿಧಾನವಾಗುವುದಲ್ಲದೆ, ಮಣ್ಣಿನ ಕಣಗಳಿಗೆ ಸಡಿಲವಾಗಿ ಅಂಟಿಕೊಂಡಿರುವುದರಿಂದ ಬೇರಿಗೂ ಸುಲಭವಾಗಿ ಸಿಗುತ್ತದೆ. ಮಳೆ ಕೈಕೊಟ್ಟು ಮೇಲ್ಮಣ್ಣು ಒಣಗಿದರೆ ಅದನ್ನು ಕರಗಿಸುವ ಸೂಕ್ಷ್ಮಜೀವಿಗಳ ಕೆಲಸವೂ ಕುಂಟುತ್ತದೆ. ಹಾಗೆಂದು ಎಲ್ಲ ಕಳೆನಾಶಕಗಳಿಗೂ ಎರೆಯೇ ವೈರಿ ಎನ್ನುವಂತಿಲ್ಲ: ಸೋಯಾಬೀನ್‌ಗೆ ಹೊಡೆಯುವ ಇಮಾಜೆಥಪೈರ್ ಇದಕ್ಕೆ ತಿರುಗುಮುರುಗಾಗಿ ಹುಳಿ ಮಣ್ಣಿನಲ್ಲಿಯೇ ಹೆಚ್ಚು ಕಾಲ ಉಳಿಯುತ್ತದೆ, ಗ್ಲೈಫೊಸೇಟ್ ಕೆಂಪು ಮಣ್ಣಿನ ಕಬ್ಬಿಣದಂಶಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡಿತು ಎಂದರೆ ಕರಗಿಹೋಯಿತು ಎಂದಲ್ಲ.

2015ರಿಂದ ವಿತರಿಸುತ್ತಿರುವ ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ ಪಿಎಚ್ ಮತ್ತು ಸಾವಯವ ಇಂಗಾಲ ಎರಡೂ ನಮೂದಾಗಿರುತ್ತವೆ, ಆದರೆ ನಮ್ಮಲ್ಲಿ ಅದನ್ನು ತೆರೆಯುವುದು ಗೊಬ್ಬರದ ಲೆಕ್ಕಕ್ಕೆ ಮಾತ್ರ. ಯಾವ ಪಿಎಚ್‌ಗೆ ಯಾವ ಕಳೆನಾಶಕ, ಮುಂದಿನ ಬೆಳೆಗೆ ಎಷ್ಟು ದಿನದ ಅಂತರ ಎಂಬುದನ್ನು ರೈತ ಸಂಪರ್ಕ ಕೇಂದ್ರಗಳು ಅದೇ ಕಾರ್ಡ್ ನೋಡಿ ಬರೆದುಕೊಡಲಿ.

ಅಲ್ಲಿಯವರೆಗೆ, ಮಣ್ಣಿನಲ್ಲಿ ಅಟ್ರಜಿನ್ ಉಳಿದಿದೆಯೇ ಎಂದು ತಿಳಿಯಲು ಕುಂಡದ ಪರೀಕ್ಷೆಯೊಂದಿದೆ. ಈ ಸಲ ಬಿತ್ತನೆಗೆ ಮುಂಚೆ ಹೊಲದ ಮೇಲ್ಮಣ್ಣನ್ನು ಒಂದು ಕುಂಡಕ್ಕೆ, ಎಂದೂ ಪುಡಿ ಬೀಳದ ಹಿತ್ತಲಿನ ಎರೆಯನ್ನು ಇನ್ನೊಂದಕ್ಕೆ ತುಂಬಿ, ಬಿಸಿಲಿನಲ್ಲಿಟ್ಟು ಸೌತೆಬೀಜ ಊರಿದೆ. ಮೂರನೆಯ ವಾರ ಹೊಲದ ಮಣ್ಣಿನ ಸಸಿಗಳ ಅಂಚು ಹಳದಿಗೆ ತಿರುಗಿತು. ಆ ಹೊಲಕ್ಕೆ ಕಡಲೆ ಬಿಟ್ಟು, ಅಟ್ರಜಿನ್ ತಾಳಿಕೊಳ್ಳುವ ಬಿಳಿಜೋಳ ಬಿತ್ತಿದ್ದೇನೆ.

— ಒಬ್ಬ ರೈತ, ಹಾವೇರಿ ಜಿಲ್ಲೆ