ಕಾಗೋಡಿನ ಕೊಳಗ

ಆತ್ಮೀಯ ಓದುಗರೇ,

ರಾಜ್ಯೋತ್ಸವ ಸಂಚಿಕೆಗೆ ನಿಮ್ಮೂರಿನ ಇತಿಹಾಸ ಬರೆದು ಕಳಿಸಿ ಅಂತ ಕೇಳಿದ್ದೆವು. ಬಂದ ಬರಹಗಳಲ್ಲಿ ರಾಜರು, ಕೋಟೆ, ದೇವಸ್ಥಾನಗಳೇ ಜಾಸ್ತಿ. ತಪ್ಪೇನಿಲ್ಲ. ಔರಂಗಜೇಬನಿಗೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟ ಕೆಳದಿ ಚೆನ್ನಮ್ಮನ ಕತೆ ಎಷ್ಟು ಸಲ ಕೇಳಿದರೂ ಬೇಸರವಿಲ್ಲ. ಆದರೆ ಕೆಳದಿ, ಇಕ್ಕೇರಿ ಇರುವ ಅದೇ ಸಾಗರ ತಾಲ್ಲೂಕಿನ ಕಾಗೋಡು ಒಂದು ಬರಹದಲ್ಲೂ ಕಾಣಲಿಲ್ಲ. ಅದಕ್ಕೇ ಈ ಸಲ ಸಂಪಾದಕೀಯದ ಜಾಗ ಕಾಗೋಡಿಗೆ.

ಅಲ್ಲಿ ಸುಗ್ಗಿ ಮುಗಿದರೆ, ಒಡೆಯರ ಜಮೀನು ಉಳುವ ಗೇಣಿದಾರರು ಗೇಣಿ ಅಂತ ಅವರಿಗೆ ಭತ್ತ ಅಳೆದು ಕೊಡಬೇಕಿತ್ತು. ಅಳೆಯುವುದು ಕೊಳಗದಲ್ಲಿ. ಕೊಳಗ ಯಾರದ್ದು? ಒಡೆಯರದ್ದೇ. ಲೆಕ್ಕಕ್ಕಿಂತ ಸ್ವಲ್ಪ ದೊಡ್ಡದು. ಒಂದು ಕೊಳಗಕ್ಕೆ ಒಂದು ಬೊಗಸೆ ಹೆಚ್ಚು ಹೋದರೆ ಕಣ್ಣಿಗೆ ಬೀಳುವುದಿಲ್ಲ. ಆದರೆ 20 ಕೊಳಗಕ್ಕೆ ಒಂದು ಖಂಡುಗ. ಖಂಡುಗಗಟ್ಟಲೆ ಅಳೆಯುತ್ತಾ ಹೋದ ಹಾಗೆ ಕಣದಲ್ಲಿ ಉಳಿಯುವ ರಾಶಿ ಎಷ್ಟು ಸಣ್ಣದಾಗುತ್ತೆ ಅನ್ನೋದು ಉಳುವವನಿಗೇ ಗೊತ್ತು.

ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಇದನ್ನು ಪ್ರಶ್ನಿಸಿದರು. 1951ರ ಏಪ್ರಿಲ್‌ನಲ್ಲಿ ಕಾಗೋಡು ಸತ್ಯಾಗ್ರಹ ಶುರುವಾಯಿತು. ಒಡೆಯರು ತಡೆದರೂ ಗೇಣಿದಾರರು ಗದ್ದೆಗೆ ಇಳಿದರು, ಪೊಲೀಸರು ಹಿಡಿದರು. ಸಮಾಜವಾದಿಗಳು ಜೊತೆಗೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು. ಮರುವರ್ಷ ಆ ಕಡೆಯಿಂದಲೇ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಶಾಸಕರಾದರು. ಉಳುವವನಿಗೇ ಜಮೀನು ಕೊಡಿಸಿದ, ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿದ್ದು 1974ರಲ್ಲಿ. ಅಷ್ಟು ಹೊತ್ತಿಗೆ ಗೋಪಾಲಗೌಡರು ತೀರಿಕೊಂಡು ಹತ್ತಿರ ಹತ್ತಿರ ಎರಡು ವರ್ಷವಾಗಿತ್ತು.

ರಾಜರ ಕತೆ ಬರೆದವರು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಶಿವಪ್ಪ ನಾಯಕನೂ ಇಲ್ಲಿಗೆ ಬರುತ್ತಾನೆ. 17ನೇ ಶತಮಾನದಲ್ಲಿ ಇದೇ ಸೀಮೆ ಆಳಿದವನು. ಒಂದೊಂದು ಬಗೆಯ ಜಮೀನನ್ನೂ 12 ವರ್ಷ ತಾನೇ ಸಾಗುವಳಿ ಮಾಡಿಸಿ, ಬೀಜ, ಖರ್ಚು, ಬೆಳೆ ಎಲ್ಲಾ ಲೆಕ್ಕ ಇಡಿಸಿ, ಸರಾಸರಿ ಬೆಳೆಯ ಮೂರನೇ ಒಂದು ಪಾಲನ್ನು ಕಂದಾಯವಾಗಿ ಗೊತ್ತು ಮಾಡಿದ ಅಂತ ಹೇಳುತ್ತಾರೆ. ಆ ಕಂದಾಯದ ಪದ್ಧತಿಯೇ ಶಿವಪ್ಪ ನಾಯಕನ ‘ಶಿಸ್ತು’. ಅವನ ಯುದ್ಧಗಳಿಗಿಂತ ನನಗೆ ಈ ಲೆಕ್ಕದ ಪುಸ್ತಕವೇ ದೊಡ್ಡದು ಅನಿಸುತ್ತೆ. ನಮ್ಮ ಮಕ್ಕಳ ನಾಟಕದಲ್ಲಿ ಮಾತ್ರ ಅವನ ಕೈಯಲ್ಲಿ ಯಾವಾಗಲೂ ಕತ್ತಿ!

ನಮ್ಮ ಸಂಘದಲ್ಲಿ ಮಲೆನಾಡಿನವರು ಕಡಿಮೆ ಇಲ್ಲ. ಗೇಣಿ ಕೊಟ್ಟವರ ಮೊಮ್ಮಕ್ಕಳೂ ಇದ್ದಾರೆ, ಪಡೆದವರ ಮೊಮ್ಮಕ್ಕಳೂ ಇದ್ದಾರೆ. ಒಟ್ಟಿಗೇ ಕೂತು ಹೋಳಿಗೆ ತಿನ್ನುತ್ತೇವೆ, ಈ ಮಾತು ಮಾತ್ರ ಎತ್ತುವುದಿಲ್ಲ ಅಲ್ವಾ? ಜಮೀನು ಬಂದ ಮನೆಯ ಕತೆಯೂ ಬೇಕು, ಹೋದ ಮನೆಯದ್ದೂ ಬೇಕು. ಊರಲ್ಲಿರುವ ಅಜ್ಜ ಅಜ್ಜಿಗೆ ಫೋನ್ ಮಾಡಿ ಕೇಳಿ. ಎರಡು ಪುಟ ಸಾಕು. ಟೈಪ್ ಮಾಡೋದು ಕಷ್ಟವಾದರೆ ರೆಕಾರ್ಡ್ ಮಾಡಿ ಕಳಿಸಿ, ಬರೆದುಕೊಳ್ಳುವುದು ನಮ್ಮ ಕೆಲಸ. ಅಕ್ಟೋಬರ್ 10ರೊಳಗೆ ಬಂದರೆ ಈ ಸಂಚಿಕೆಗೇ ಸೇರಿಸುತ್ತೇವೆ.

ಸಂಪಾದಕರು