ಹೂಳೆತ್ತುವಾಗ ಟಿಟ್ಟಿಭದ ಗೂಡು ಬಿಟ್ಟು ಅಗೆಯೋಣ

ಮಾನ್ಯ ಸಂಪಾದಕರೇ,

ನಾನು ಶಿರಾ, ಹಿರಿಯೂರು ಕಡೆ ಜೆಸಿಬಿ ಓಡಿಸುವವನು. ಬೇಸಿಗೆ ಬಂತೆಂದರೆ ನಮಗೆ ಕೆರೆ ಹೂಳೆತ್ತುವ ಕೆಲಸ. ಮಳೆಗೆ ಮೊದಲು ಮುಗಿಸಬೇಕು. ಅದೇ ಹೊತ್ತಿಗೆ, ಅದೇ ಒಣಗಿದ ಕೆರೆಯಂಗಳದಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟಿರುತ್ತದೆ.

ಕಣ್ಣಿನ ಮುಂದೆ ಕೆಂಪು ತೊಗಲು, ಹಳದಿ ಕಾಲು, ಹಗಲು ರಾತ್ರಿ ಕೂಗಾಟ. ಈ ಹಕ್ಕಿಯನ್ನು ಎಲ್ಲರೂ ನೋಡಿರುತ್ತಾರೆ, ಗೂಡು ನೋಡಿದವರು ಕಡಿಮೆ. ಗೂಡು ಅಂದರೆ ನೆಲದಲ್ಲೊಂದು ಸಣ್ಣ ತಗ್ಗು, ಸುತ್ತ ಒಂದಿಷ್ಟು ಕಲ್ಲು, ಕುರಿ ಹಿಕ್ಕೆ. ಅದರಲ್ಲಿ ಮೂರೋ ನಾಲ್ಕೋ ಮೊಟ್ಟೆ, ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ಗಾಡಿ ಮೇಲೆ ಕೂತವನಿಗೆ ಕಾಣುವುದೇ ಇಲ್ಲ. ಬಕೆಟ್ ಹತ್ತಿರ ಹೋದರೆ ಗಂಡು ಹೆಣ್ಣು ಎರಡೂ ಕೂಗುತ್ತಾ ಮೇಲೆರಗುತ್ತವೆ, ಆಗಲೇ ಗೊತ್ತಾಗುವುದು. ಬಿಸಿಲು ಜಾಸ್ತಿಯಾದರೆ ನೀರಿರುವ ಗುಂಡಿಗೆ ಹೋಗಿ, ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತವೆ. ಅದನ್ನು ಮೊದಲ ಸಲ ಕಂಡಾಗ ಎಂಜಿನ್ ಆಫ್ ಮಾಡಿ ನೋಡುತ್ತಾ ಕುಳಿತುಬಿಟ್ಟೆ.

ಕೆಲಸ ಕೊಟ್ಟವರಿಗೆ ಹೇಳಿದರೆ, ‘ಅದೇನು ಅಪರೂಪದ ಹಕ್ಕೀನಾ?’ ಅಂತಾರೆ. ಅಪರೂಪವಲ್ಲ, ನಿಜ. ಯಾವ ಜೀವಿ ಅಳಿವಿನ ಅಪಾಯದಲ್ಲಿದೆ ಅಂತ ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಟಿಟ್ಟಿಭ ಸದ್ಯಕ್ಕೆ ಆತಂಕವಿಲ್ಲದ ಗುಂಪಿನಲ್ಲಿದೆ. ಆದರೆ ಅದು ಇರಾಕ್‌ನಿಂದ ಮಲೇಷ್ಯಾದವರೆಗಿನ ಎಲ್ಲ ಟಿಟ್ಟಿಭಗಳನ್ನೂ ಸೇರಿಸಿ ಹೇಳಿದ ಮಾತು. ನಮ್ಮೂರ ಕೆರೆಯಲ್ಲಿ ಈ ವರ್ಷ ಮರಿ ಉಳಿಯಿತಾ ಇಲ್ವಾ ಅನ್ನುವುದು ಅದರಲ್ಲಿ ಎಲ್ಲಿ ಬರುತ್ತದೆ? ಇದರದೇ ಬಳಗದ ಒಂದು ಹಕ್ಕಿ ಯುರೋಪಿನ ಹೊಲಗಳಲ್ಲಿ ತುಂಬಾ ಇತ್ತು. ಬೇಸಾಯದ ರೀತಿ ಬದಲಾಗಿ ಕಡಿಮೆಯಾಗುತ್ತಾ ಬಂತು. ಈಗ ಅದೇ ಪಟ್ಟಿಯಲ್ಲಿ ಅಪಾಯದ ಅಂಚಿನಲ್ಲಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಜನ ಅದರ ಗೂಡು ಹುಡುಕಿ ಪಕ್ಕದಲ್ಲಿ ಕೋಲು ನೆಡುತ್ತಾರೆ. ರೈತರು ಅಷ್ಟು ಜಾಗ ಬಿಟ್ಟು ಟ್ರ್ಯಾಕ್ಟರ್ ಓಡಿಸುತ್ತಾರೆ.

ನಮ್ಮಲ್ಲೂ ಇದು ಕಷ್ಟವೇನಲ್ಲ. ಮೊಟ್ಟೆಯೊಡೆದು ಮರಿಯಾಗಲು ಸುಮಾರು 4 ವಾರ ಸಾಕು. ಮರಿ ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ಓಡಾಡುತ್ತದೆ. ಅಷ್ಟು ದೊಡ್ಡ ಅಂಗಳದಲ್ಲಿ ಗೂಡಿರುವ ಮೂಲೆಯನ್ನು ಕೊನೆಗಿಟ್ಟುಕೊಂಡರೆ ಆಯಿತು. ಕೆರೆಯ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯುವ ರೈತರಿಗೂ ತೊಂದರೆಯಿಲ್ಲ. ಗೂಡು ಎಲ್ಲೆಲ್ಲಿದೆ ಅಂತ ಅಲ್ಲಿ ಕುರಿ ಮೇಯಿಸುವವರನ್ನು ಕೇಳಿದರೆ ತೋರಿಸುತ್ತಾರೆ.

ಇದನ್ನು ಹೂಳೆತ್ತುವ ಕೆಲಸದ ಆದೇಶದಲ್ಲೇ ಬರೆಯಬೇಕೆಂದು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ. ಕಾಗದದಲ್ಲಿದ್ದರೆ ನನ್ನಂಥ ಡ್ರೈವರ್ ‘ಇಲ್ಲಿ ಈಗ ಅಗೆಯಲ್ಲ’ ಅಂತ ಧೈರ್ಯವಾಗಿ ಹೇಳಬಹುದು.

– ಒಬ್ಬ ಜೆಸಿಬಿ ಚಾಲಕ, ಶಿರಾ ತಾಲ್ಲೂಕು